ಅರವತ್ನಾಲ್ಕನೇ ನಂಬರ್ ಯಾರಿಗೆ?

ನಲವತ್ತೇಳನೇ ವಯಸ್ಸಿನಲ್ಲಿ ಒಂದೇ ವಿಷಯದಲ್ಲಿ ಎರಡು ಸಲ ನಪಾಸಾದವನು ನಾನು. ವಿಷಯದ ಹೆಸರು ಸಬ್‌ನೆಟ್, ಅಂದರೆ ಕಂಪ್ಯೂಟರುಗಳ ಜಾಲವನ್ನು ಓಣಿಗಳಾಗಿ ಹಂಚುವುದು. ಕೂಡ್ಲಿಗಿಯ ಕಾಲೇಜೊಂದರಲ್ಲಿ ಟಪಾಲು ನೋಡುವ ಗುಮಾಸ್ತನಾದ ನನಗೆ ಕಂಪ್ಯೂಟರ್ ಲ್ಯಾಬಿನ ಹೊಣೆ ಸಿಗಬೇಕಾದರೆ ಸಂಜೆಯ ಡಿಪ್ಲೊಮಾ ಮುಗಿಯಲೇಬೇಕು. ಮೂರನೆಯದೇ ಕೊನೆಯ ಅವಕಾಶ. ಇಪ್ಪತ್ತು ವರ್ಷ ಲಕೋಟೆಯ ಮೇಲಿನ ವಿಳಾಸ ಓದಿದವನಿಗೆ ಕಂಪ್ಯೂಟರಿನ ವಿಳಾಸ ದಕ್ಕದಿದ್ದರೆ ಹೇಗೆ? ಬಿಡುವುದಿಲ್ಲ ಎಂದು ಹಟ ಹಿಡಿದೆ.

ಐಪಿ ವಿಳಾಸವೆಂದರೆ ಚುಕ್ಕಿ ಹಾಕಿ ಬರೆದ ನಾಲ್ಕು ಸಂಖ್ಯೆ. ಅದರಲ್ಲಿ ಓಣಿ ಎಲ್ಲಿಗೆ ಮುಗಿಯಿತು, ಮನೆ ಎಲ್ಲಿಂದ ಶುರುವಾಯಿತು ಎಂದು ಹೇಳುವುದು ಮಾಸ್ಕ್. ಇದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಪಾಠ ಹೇಳುವ ರೇಖಾ ಮೇಡಂ ಹರಪನಹಳ್ಳಿ ಕಡೆಯ ತೆಲಿಗಿಯವರು, ನನ್ನ ಅರ್ಧ ವಯಸ್ಸು. ಒಂದು ಸಂಜೆ ಸೀಮೆಸುಣ್ಣ ಕೆಳಗಿಟ್ಟರು.

"ನೋಡ್ರಿ ಸರ್, ನಾವು ಬಳ್ಳಾರಿ ಜಿಲ್ಲೆ ಆಗಿದ್ವಿ, ದಾವಣಗೆರೆಗೆ ಹೋದ್ವಿ, ತಿರುಗಿ ಬಳ್ಳಾರಿ, ಈಗ ವಿಜಯನಗರ. ನಮ್ಮ ಮನೆ ಒಂದು ಗೇಣೂ ಅಲುಗಾಡಿಲ್ಲ. ಬದ್ಲಾಗಿದ್ದು ಗೆರೆ ಅಷ್ಟೇ. ಮಾಸ್ಕ್ ಅಂದ್ರೆ ಆ ಗೆರೆ."

ಅಬ್ಬಾ! ಲಕೋಟೆಗಳ ಮೇಲೆ ಆ ಜಿಲ್ಲೆ ಹೊಡೆದು ಈ ಜಿಲ್ಲೆ ಬರೆದು ಬೆರಳು ಸವೆಸಿಕೊಂಡವನಿಗೆ ಇಷ್ಟೂ ಹೊಳೆಯಲಿಲ್ಲವಲ್ಲ.

ಹುರುಪಿನಲ್ಲಿ, ಅಭ್ಯಾಸಕ್ಕೆಂದು, ಸೊನ್ನೆಯಿಂದ ಶುರುವಾಗುವ ಕಾಲೇಜಿನ ಇನ್ನೂರೈವತ್ತಾರು ನಂಬರುಗಳನ್ನು ಅರವತ್ನಾಲ್ಕರ ನಾಲ್ಕು ಓಣಿ ಮಾಡಿದೆ. ಆಫೀಸಿನ ಪಾಲಿಗೆ ಅರವತ್ನಾಲ್ಕರಿಂದ ನೂರಿಪ್ಪತ್ತೇಳು ಬಂತು. ಮೊದಲನೆಯದು ಪ್ರಿನ್ಸಿಪಾಲರಿಗೆ. ಇದನ್ನೂ ಯಾರಾದರೂ ಹೇಳಿಕೊಡಬೇಕೆ? ನಮ್ಮಲ್ಲಿ ಪಂಕ್ತಿಯ ಮೊದಲ ಎಲೆ ಹಿರಿಯರಿಗೆ, ಕೊನೆಯದು ಮನೆಯವರಿಗೆ. ಹಾಗಾಗಿ ಕೊನೆಯ ನೂರಿಪ್ಪತ್ತೇಳನ್ನು ನಾನು ಇಟ್ಟುಕೊಂಡೆ. ಜನ್ಮದಲ್ಲಿ ಕೊನೆಯ ಕುರ್ಚಿ ಬಿಟ್ಟು ಬೇರೆಡೆ ಕೂತವನಲ್ಲ. ಹಾಕಿ ನೋಡಿದರೆ ಅವರದೂ ನನ್ನದೂ ಎರಡು ಕಂಪ್ಯೂಟರೂ ಆ ನಂಬರುಗಳನ್ನು ಒಪ್ಪಲಿಲ್ಲ.

ಮೇಡಂ ನಕ್ಕರು. "ಅಯ್ಯ ಸರ್, ಮೊದಲ್ನೇದು ಓಣಿ ಹೆಸರು, ಯಾರಿಗೂ ಕೊಡಂಗಿಲ್ಲ. ಕೊನೇದು ಡಂಗುರ. ಅಲ್ಲಿಗೆ ಕಳಿಸಿದ್ದು ಓಣಿಗೆಲ್ಲ ಮುಟ್ಟುತ್ತೆ. ಹಿಂದಿನ ಎರಡು ಪರೀಕ್ಷೆಲೂ ಇದನ್ನೇ ಮಾಡೀರಿ. ಮರ್ಯಾದೆ ಕೊಡಾಕ್ ಹೋಗಿ ಮಾರ್ಕ್ಸ್ ಕಳ್ಕಂಡೀರಿ!"

ನಾಚಿಕೆಯಾಯಿತು, ನನ್ನ ಮೇಲೆ ಸಿಟ್ಟೂ ಬಂತು. ಅರವತ್ನಾಲ್ಕರಲ್ಲಿ ಹಂಚಲು ಉಳಿಯುವುದು ಅರವತ್ತೆರಡೇ. ನನ್ನೂರು ಕೊಟ್ಟೂರಿನಿಂದ ಕಾಲೇಜಿಗೆ ಬರುವ ಬಸ್ಸಿನಲ್ಲಿ ವಾರವಿಡೀ "ಅರವತ್ತೆರಡು, ಅರವತ್ತೆರಡು" ಎಂದು ಜಪಿಸಿದೆ. ಪಕ್ಕದ ಸೀಟಿನವರೊಬ್ಬರು ಮೆಲ್ಲಗೆ ಎದ್ದು ಮುಂದೆ ಹೋಗಿ ನಿಂತರು. ನಿಲ್ಲಲಿ, ನನಗೇನು!

ಪರೀಕ್ಷೆಯ ದಿನ ಅಂಥದೇ ಪ್ರಶ್ನೆ. ಕೈ ತಾನಾಗಿ ಹಿರಿಯರನ್ನು ಮೊದಲ ನಂಬರಿಗೆ ಕೂರಿಸಲು ಹೊರಟಿತು. ಹಲ್ಲು ಕಚ್ಚಿ ಹಿಂದಕ್ಕೆಳೆದು ಅದರ ಮುಂದಿನ ನಂಬರಿಗೆ ಬರೆದೆ. ಪಾಸಾದೆ, ಲ್ಯಾಬಿನ ಬೀಗದ ಕೈ ನನ್ನ ಕೈಗೆ ಬಂತು.

ಮೊದಲ ದಿನವೇ ಆಫೀಸಿನ ನಂಬರುಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಪ್ರಿನ್ಸಿಪಾಲರು ಕನ್ನಡಕ ಏರಿಸಿ ಓದಿದರು.

"ನಾನು ಅರವತ್ತೈದು. ನನಗಿಂತ ಮುಂದ ಅರವತ್ನಾಲ್ಕು ಯಾರದೈತ್ರಿ?"

"ಯಾರ್ದೂ ಅಲ್ರಿ ಸರ್. ಅದು ಓಣಿದು."

ಅವರ ಬೆರಳು ಕೆಳಗಿನ ಸಾಲಿಗೆ ಇಳಿಯಿತು. "ನನ್ನ ಮಗ್ಗಲಿಗೆ ಅರವತ್ತಾರು ಯಾರ್ರಿ?"

ನನ್ನ ಹಳೆಯ ಕೊನೆಯ ಕುರ್ಚಿಯ ಕಡೆ ಒಮ್ಮೆ ನೋಡಿ, "ನಾನ್ರೀ ಸರ್" ಎಂದೆ.