ಕನ್ನಡ ಅಕ್ಷರದ ತೆಲುಗು ಪುಸ್ತಕ

ಪುಸ್ತಕಗಳ ಹಳೆಯ ಪಟ್ಟಿಯನ್ನು ಕಂಪ್ಯೂಟರಿನ ಹೊಸ ಮಾದರಿಗೆ ಬದಲಾಯಿಸುವ ಕೆಲಸ ನನ್ನ ತಲೆಗೆ ಬಿದ್ದಾಗ ಮೂರು ದಿನ ಮುಖ ಊದಿಸಿಕೊಂಡಿದ್ದೆ. ಮುಳಬಾಗಿಲಿನ ನಮ್ಮ ಪುಟ್ಟ ಗ್ರಂಥಾಲಯಕ್ಕೆ ಆ ಪಟ್ಟಿ ಮಾಡಿದವನು ನಾನೇ. ಅದರಲ್ಲಿ ಹುಳುಕು ತೆಗೆಯಲು ಕಂಪ್ಯೂಟರ್ ಯಾರು? ಆದರೆ ಶುರುವಾದ ಮೇಲೆ, ಸುಳ್ಳೇಕೆ ಹೇಳಲಿ, ಮಜಾ ಬಂತು. ಪುಸ್ತಕವೊಂದರ ವಿವರವೆಲ್ಲ ಹೊಸ ಕಾಲಂಗಳಲ್ಲಿ ಸರಿಯಾಗಿ ಕೂತು ಹಸಿರು ಗುರುತು ಬಿದ್ದಾಗಲೆಲ್ಲ ಎದ್ದು ಕುಣಿಯುವಷ್ಟು ಖುಷಿ.

ಒಂದು ಪುಸ್ತಕ ಮಾತ್ರ ಹಟ ಹಿಡಿಯಿತು. ಮದುವೆ ಹಾಡುಗಳದ್ದು. ಹೆಸರಿನಲ್ಲಿರುವ ಪದಗಳು ಕನ್ನಡವಲ್ಲ ಎಂದು ಕೆಂಪು ಗುರುತು. ಹೊಸ ಪಟ್ಟಿಗೆ ಸೇರದ ಪುಸ್ತಕಗಳನ್ನು ಗೋದಾಮಿಗೆ ಕಳಿಸಬೇಕೆಂದು ಆದೇಶವಿತ್ತು. ಅದನ್ನು ದಾರ ಸುತ್ತಿ ಕಟ್ಟುತ್ತಿದ್ದಾಗ ನಮ್ಮ ಖಾಯಂ ಓದುಗರಾದ ಅಜ್ಜಿಯೊಬ್ಬರು ಒಳಗೆ ಬಂದರು. ಹಿಪ್ಪುನೇರಳೆ ಸೊಪ್ಪು ಬಿಡಿಸಿ ನೇರ ಬಂದಿದ್ದರು, ಕೈಯೆಲ್ಲ ಹಸಿರು.

"ಏನಪ್ಪಾ, ನನ್ ಪುಸ್ತಕ ಯಾಕ್ ಕಟ್ತಿದೀಯ?"

"ಗೋದಾಮಿಗೆ ಅಜ್ಜಿ. ಕಂಪ್ಯೂಟರ್ ಒಪ್ತಾ ಇಲ್ಲ."

"ಅದ್ಯಾವೋನೋ ಒಪ್ದೇ ಇರೋನು? ಮುಂದಿನ ವಾರ ಮೊಮ್ಮಗಳ ಮದ್ವೆ. ಹಾಡೋಳು ನಾನೇ. ಪುಸ್ತಕ ಇಲ್ದೆ ಎರಡ್ನೇ ಸಾಲು ಬಾಯಿಗೇ ಬರಲ್ಲ ಕಣೋ!"

ಪುಸ್ತಕ ಕಿತ್ತುಕೊಂಡರು. ಕನ್ನಡಕ ಏರಿಸಿ, ಸಾಲಿನ ಮೇಲೆ ಬೆರಳಾಡಿಸುತ್ತಾ ಒಂದು ಹಾಡನ್ನು ಹಾಡಿಯೇ ಬಿಟ್ಟರು. ಪೇಪರ್ ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಹಾಡು ಅಪ್ಪಟ ತೆಲುಗು. ಅಚ್ಚಾಗಿದ್ದದ್ದು ಮಾತ್ರ ಕನ್ನಡ ಅಕ್ಷರದಲ್ಲಿ.

ನನಗೆ ನಗು ತಡೆಯಲಾಗಲಿಲ್ಲ. ತಪ್ಪು ನನ್ನದೇ. ಹಳೆಯ ಪಟ್ಟಿಯಲ್ಲಿ ಭಾಷೆಗೆ ಒಂದೇ ಕಾಲಂ ಇತ್ತು. ಅಕ್ಷರ ನೋಡಿ ಕನ್ನಡ ಎಂದು ಬರೆದು ಕೈತೊಳೆದುಕೊಂಡಿದ್ದೆ. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿತವರು ನಮ್ಮ ಕಡೆ ಬೇಕಾದಷ್ಟು ಜನ. ನಾನೂ ಅವರಲ್ಲೊಬ್ಬ, ಆದರೂ ಹೊಳೆದಿರಲಿಲ್ಲ. ಹೊಸ ಮಾದರಿಯಲ್ಲಿ ಭಾಷೆಗೊಂದು, ಲಿಪಿಗೊಂದು ಕಾಲಂ ಇದೆ. ಭಾಷೆ ತೆಲುಗು, ಲಿಪಿ ಕನ್ನಡ ಎಂದು ತಿದ್ದಿದೆ. ಹಸಿರು ಬಿತ್ತು.

"ಅಜ್ಜಿ, ನಿಮ್ ಪುಸ್ತಕ ಎಲ್ಲಿಗೂ ಹೋಗಲ್ಲ. ತೆಲುಗು ಪುಸ್ತಕ ಅಂತ ಸೇರಿಸಿದೀನಿ, ನೋಡಿ."

ಅಜ್ಜಿ ಪರದೆಯ ಹತ್ತಿರ ಬಗ್ಗಿ ಆ ಪದವನ್ನು ಅಕ್ಷರ ಅಕ್ಷರವಾಗಿ ಓದಿದರು.

"ತೆಲುಗು ಓದಕ್ಕೆ ಬರಲ್ಲ ಅಂತ ನಾಚ್ಕೊಂಡೇ ಮುದುಕಿ ಆದೆ ಕಣೋ," ಎಂದರು. "ಇಷ್ಟು ವರ್ಷ ಓದ್ತಿದ್ದದ್ದು ಅದೇನಾ?"

"ಅದೇ ಅಜ್ಜಿ."

ಅಜ್ಜಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಸೆರಗು ಸರಿಮಾಡಿಕೊಂಡರು.

"ತೆಲುಗಿಂದು ಇನ್ನೊಂದಿದ್ರೆ ಕೊಡು."