ಮಾವ ಬರೆಯದ ಅಧ್ಯಾಯ

ನಮ್ಮ ಮಾವ ದರ್ಜಿ. ನಲವತ್ತು ವರ್ಷ ಬಟ್ಟೆ ಹೊಲಿದರು. ಈಗ ಆರು ವರ್ಷದಿಂದ ಕಾದಂಬರಿ ಬರೆಯುತ್ತಿದ್ದಾರೆ, ಅದೂ ಹಳೆಯ ಅಳತೆ ಪುಸ್ತಕದ ಹಾಳೆಗಳ ಹಿಂಬದಿಯಲ್ಲಿ. ಈ ಮಗ್ಗುಲಲ್ಲಿ ಯಾರದೋ ಸೊಂಟ, ತೋಳು. ಆ ಮಗ್ಗುಲಲ್ಲಿ ನಮ್ಮ ಅತ್ತೆ. ಕಾದಂಬರಿಯ ನಾಯಕಿ ಅವರೇ. ಅಂಗಡಿಯಲ್ಲಿ ಮಾವನ ಪಕ್ಕ ಕೂತು ಅಂಗಿಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದರು. ಅವರು ತೀರಿಕೊಂಡ ವರ್ಷವೇ ಈ ಬರವಣಿಗೆ ಶುರುವಾದದ್ದು.

ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ಪಾಲಿಗೆ ಬಂತು. ಬೇಜಾರೇನಿಲ್ಲ, ಆದರೆ ಸೊಸೆಯ ಸಹನೆಗೂ ಒಂದು ಮಿತಿ ಬೇಡವೇ? ಕಥೆ, ಅತ್ತೆ ಕೊನೆಯುಸಿರೆಳೆದ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತು ಎರಡು ವರ್ಷವಾಗಿತ್ತು. ಒಳಗೆ ಕಾಲಿಡದೆ ಮಾವ ಹಿಂದಕ್ಕೇ ಹೋಗುತ್ತಿದ್ದರು. ಹೊಲಿಗೆ ಮೆಷಿನ್ ಕೊಂಡ ದಿನ, ಕತ್ತರಿಗಾಗಿ ಆದ ಜಗಳ, ಹೀಗೆ ನಡುವೆ ತುರುಕಲು ಹೊಸ ಹೊಸ ಅಧ್ಯಾಯ ಕೊಡುತ್ತಿದ್ದರು. ಇತ್ತ ಅವರ ಕಣ್ಣು ದಿನೇ ದಿನೇ ಮಂದವಾಗುತ್ತಿತ್ತು. ಪುಸ್ತಕ ಕೈಗೆ ಬರುವ ಹೊತ್ತಿಗೆ ಓದಲಾಗದಿದ್ದರೆ ಎಂದು ನನಗೆ ಹೆದರಿಕೆ.

ಒಂದು ಮಧ್ಯಾಹ್ನ ಬರೆದಷ್ಟನ್ನೂ ಎಐಗೆ ಕೊಟ್ಟು, ಕೊನೆಯ ಅಧ್ಯಾಯ ನೀನೇ ಬರಿ ಎಂದೆ. ನಾನು ಟೀ ಸೋಸಿ ತರುವಷ್ಟರಲ್ಲಿ ಬರೆದಿಟ್ಟಿತ್ತು. ಆಸ್ಪತ್ರೆಯ ಮಂಚದಲ್ಲಿ ನಾಯಕಿ ಗಂಡನ ಅಂಗಿಯ ಸಡಿಲ ಗುಂಡಿಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಲೇ ಕಣ್ಣು ಮುಚ್ಚುತ್ತಾಳೆ. ಓದಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಅತ್ತೆಯ ಮುಖವನ್ನೇ ಕಾಣದ ಯಂತ್ರಕ್ಕೆ ಇದು ಹೊಳೆದದ್ದಾದರೂ ಹೇಗೆ ಎಂದು ಸಿಟ್ಟೂ ಬಂತು.

ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಬರೆದದ್ದು ಯಾರೆಂದು ಮುಚ್ಚಿಡದೆ ಹೇಳಿ ಮಾವನಿಗೆ ಕೊಟ್ಟೆ. ಭೂತಗನ್ನಡಿ ಹಿಡಿದು ನಿಧಾನವಾಗಿ ಓದಿದರು. ಚೆನ್ನಾಗಿದೆ ಎಂದರು. ಗುಂಡಿಯ ವಿಷಯ ತಮಗೆ ಹೊಳೆದೇ ಇರಲಿಲ್ಲವೆಂದು ಒಪ್ಪಿಕೊಂಡರು. ಆಮೇಲೆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿಮಾಡಿದರು.

"ಬರೆಯೋಕೆ ಬರದೆ ನಿಲ್ಲಿಸಿದ್ದಲ್ಲಮ್ಮ," ಎಂದರು. "ಬರೆದರೆ ಅವಳು ಹೋಗಿಬಿಡ್ತಾಳೆ."

ಈಗಲೇ ಅಳಿಸಿಹಾಕುತ್ತೇನೆ ಎಂದೆ.

"ಬೇಡ, ಇರಲಿ. ನನ್ನ ಕೈಲಿ ಇನ್ನಾಗಲ್ಲ ಅಂದಾಗ ಅದನ್ನೇ ಸೇರಿಸು." ಹಾಳೆಗಳನ್ನು ನನ್ನ ಕೈಗಿತ್ತು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಈಗ ನಾನು ಹೇಳ್ತೀನಿ, ಬರ್ಕೋ. ಅಂಗಡಿಗೆ ಬಾಗಿಲು ಹಾಕಿ ನಾವಿಬ್ಬರೂ ಸಿನಿಮಾಗೆ ಹೋದ ದಿನದ್ದು ಇನ್ನೂ ಬಂದೇ ಇಲ್ಲ."