ಗಂಡನ ಹೆಸರಿನ ಕಾಲಂ

ಕೊಪ್ಪಳದ ನಮ್ಮ ಪುಟ್ಟ ಆಫೀಸಿನಲ್ಲಿ ವೆಬ್‌ಸೈಟಿನ ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಕೀಬೋರ್ಡ್ ಮುಟ್ಟುವ ಮುನ್ನ ಬಳೆಗಳನ್ನು ಮೇಲಕ್ಕೆ ಸರಿಸಿಕೊಳ್ಳುವರು. "ಮಂದಿನ್ನ ತಿದ್ದಬ್ಯಾಡ್ರಿ, ಟೇಬಲ್ ತಿದ್ರಿ" ಎಂಬುದು ಅವರ ದಿನನಿತ್ಯದ ಮಾತು; ಟೇಬಲ್ ಎಂದರೆ ಡೇಟಾಬೇಸಿನಲ್ಲಿ ವಿವರ ತುಂಬುವ ಪಟ್ಟಿ.

ಒಮ್ಮೆ ಕುಷ್ಟಗಿ ಕಡೆಯ ಹೆಂಗಸರು ತಾವು ಹೊಲಿದ ಕೌದಿಗಳನ್ನು ನಮ್ಮ ಸೈಟಿನಲ್ಲಿ ಮಾರಲು ಹೆಸರು ನೋಂದಾಯಿಸಲು ಬಂದರು. ಅವರಲ್ಲಿ ಒಬ್ಬಾಕೆಯ ವಿವರ ಸೇವ್ ಆಗಲೇ ಇಲ್ಲ. ಗಂಡನ ಹೆಸರಿನ ಕಾಲಂ ಖಾಲಿ ಬಿಡುವಂತಿರಲಿಲ್ಲ.

"ನಂದು ಮದುವಿನ ಆಗಿಲ್ರಿ," ಎಂದಳು ಆಕೆ ಮೆಲ್ಲಗೆ.

"ಯಾವ್ದಾರ ಒಂದ್ ಹೆಸರು ಹಾಕಿ ಮುಗಸ್ರಿ," ಎಂದರು ಮ್ಯಾನೇಜರು.

"ಇಲ್ಲದ ಗಂಡನ್ನ ನಾ ಎಲ್ಲಿಂದ ತರ್ಲಿರಿ ಸರ್?" ಎಂದು ಅಕ್ಕ ಬಳೆ ಸರಿಸಿದರು. ಆ ಕಾಲಂ ಖಾಲಿ ಬಿಡಬಹುದೆಂದು ಪಟ್ಟಿಯ ನಕ್ಷೆಯಾದ ಮಾಡೆಲ್ ತಿದ್ದಿ, ಆ ಬದಲಾವಣೆಯನ್ನು ಡೇಟಾಬೇಸಿಗೆ ಒಯ್ಯುವ ಮೈಗ್ರೇಶನ್ ಬರೆದು, ಮೊದಲು ಡೇಟಾಬೇಸಿನ ನಕಲಿನ ಮೇಲೆ ನಡೆಸಿ ನೋಡಿ, ಆಮೇಲೆ ಅಸಲಿಗೆ ಹಚ್ಚಿದರು. ಕಾಲಂ ಖಾಲಿಯಿದ್ದರೂ ವಿವರ ಸೇವ್ ಆಯಿತು.

ಆಕೆಗೆ ಧೈರ್ಯ ಬಂತು. "ಅಲ್ಲಿ ನಮ್ಮವ್ವನ ಹೆಸರು ಹಾಕಾಕ ಬರ್ತೈತೇನ್ರಿ? ಹೊಲಿಯೂದು ಕಲಿಸಿದಾಕಿ ಆಕಿನ."

"ಯಾಕ ಬರೂದಿಲ್ಲವ್ವ?" ಅಕ್ಕ ಹೊಸ ಕಾಲಂ ಸೇರಿಸಿ, 'ಕಲಿಸಿದವರು' ಎಂದು ಹೆಸರಿಟ್ಟರು.

ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳ ದನಿ ಕೇಳಿತು: "ಅಕ್ಕಾರ, ನಂದೂ ಗಂಡನ ಹೆಸರು ತಗದ್ಬಿಡ್ರಿ. ಅವಂಗ ಸೂಜಿಗೆ ದಾರ ಪೋಣಸಾಕೂ ಬರಂಗಿಲ್ಲ!"